ಬಚ್ಚಲಮನೆ ಕೊಡದ ಮೇಲಿದ್ದ ಹೆಸರು

ಈ ಸಲದ ಕಂತಿನಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಧಾರವಾಡದ ಕಡೆ ನಮ್ಮಜ್ಜಿ ಮನೆಯ ಬಚ್ಚಲಲ್ಲಿರೋ ಒಂದು ತಾಮ್ರದ ಕೊಡದಿಂದ ಶುರು ಮಾಡ್ತೀನಿ.

ಕೊಡದ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದು ಹೆಸರಿದೆ. ಹೆಂಗಸಿನ ಹೆಸರು, ಒಂದು ನದಿಯದು. ಮದುವೆಗೆ ಕೊಡೋ ಪಾತ್ರೆ ಮೇಲೆ ಹೆಸರು ಕೊರೆಸೋದು ಹಳೇ ರೂಢಿ, ನಿಮ್ಮ ಮನೆ ಅಟ್ಟದಲ್ಲೂ ಅಂಥದ್ದೊಂದು ಇರಬಹುದು. ಆದರೆ ಈ ಕೊಡದಲ್ಲಿ ಅಜ್ಜಿ ಕುಡಿಯೋ ನೀರು ತುಂಬಿದ್ದನ್ನ ನಾನು ಯಾವತ್ತೂ ನೋಡಿಲ್ಲ. ಕೇಳಿದ್ರೆ, "ಅದು ಓಡಿಹೋದಾಕಿ ಕೊಡ" ಅನ್ನೋಳು. ಅಷ್ಟೇ, ಮುಂದೆ ಮಾತಿಲ್ಲ.

ಅಜ್ಜಿಗೀಗ 87. ಅವಳ ಅವ್ವ, ಅಂದ್ರೆ ನನ್ನ ಮುತ್ತಜ್ಜಿ, ಅಜ್ಜಿಗೆ ನಾಲ್ಕು ವರ್ಷವಿದ್ದಾಗಲೇ ತೀರಿಕೊಂಡರು. ಆ ಮುತ್ತಜ್ಜಿಯನ್ನ ಹೆತ್ತವಳು ಯಾರು ಅನ್ನೋದು ಅಜ್ಜಿಗೆ ಗೊತ್ತಾಗಿದ್ದು ಅಪ್ಪನ ಮನೆಯ ಅಡುಗೆಮನೆ ಮಾತಿನಿಂದ. ಕಥೆ ಹೀಗೆ: ಹೆತ್ತವಳು ಮಕ್ಕಳನ್ನ ಬಿಟ್ಟು ಓಡಿಹೋದಳು, ಎರಡನೇ ಹೆಂಡತಿ ಬಂದು ಸಾಕಿದಳು. ಕೊಡದ ಮೇಲಿನ ಹೆಸರು ಮೊದಲನೆಯವಳದು. ಜಗಳ ಬಂದಾಗೆಲ್ಲ "ನಿಂದು ಓಡಿಹೋದಾಕಿ ರಕ್ತ" ಅಂತ ಅನ್ನಿಸಿಕೊಂಡೇ ಅಜ್ಜಿ ಬೆಳೆದಿದ್ದು.

ನಾನು ಹುಡುಕೋಕೆ ಹೊರಟಾಗ ಕೈಯಲ್ಲಿದ್ದಿದ್ದು ಎರಡು ಕಾಗದ. ಒಂದು ಮುತ್ತಜ್ಜಿಯ ಜಾತಕ. ಅಂಚು ಹರಿದು ಶಕ ವರ್ಷ ಹೋಗಿತ್ತು, "ರಾಕ್ಷಸ ನಾಮ ಸಂವತ್ಸರ" ಅನ್ನೋದು ಮಾತ್ರ ಉಳಿದಿತ್ತು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ರಾಕ್ಷಸ ಅಂದ್ರೆ 1855 ಆಗಬಹುದು, 1915 ಆಗಬಹುದು, 1975 ಆಗಬಹುದು. ಅಜ್ಜಿ ಹುಟ್ಟಿದ್ದು 1938. ಹಾಗಾಗಿ 1915 ಬಿಟ್ಟು ಬೇರೆ ದಾರಿಯಿಲ್ಲ. ಸರಿ, ಆ ಜಾತಕದಲ್ಲಿ ತಾಯಿಯ ಹೆಸರು? ಇಂಥವರ "ಧರ್ಮಪತ್ನಿ"ಗೆ ಹುಟ್ಟಿದ ಮಗಳು ಅಂತಿದೆ. ಹೆತ್ತವಳಿಗೆ ಹೆಸರೇ ಇಲ್ಲ! ಗ್ರಹಗಳ ಹೆಸರು ಮಾತ್ರ ಒಂದೂ ತಪ್ಪಿಲ್ಲ.

ಎರಡನೆಯದು ಅಜ್ಜಿಯ ಅಣ್ಣನ ತರ್ಪಣದ ಪುಸ್ತಕ. ಮಹಾಲಯ ಪಕ್ಷದಲ್ಲಿ ತರ್ಪಣ ಬಿಡೋವಾಗ ತಂದೆಯ ಕಡೆ ಮೂರು ತಲೆಮಾರು, ತಾಯಿಯ ಕಡೆ ಮೂರು ತಲೆಮಾರು ಹೆಸರು ಹಿಡಿದು ಕರೀಬೇಕು, ಹೆಂಗಸರದ್ದೂ ಸೇರಿಸಿ. ಮರೆತುಹೋಗುತ್ತೆ ಅಂತ ಬರೆದಿಟ್ಟುಕೊಳ್ತಾರೆ. ಅದರಲ್ಲಿ ತಾಯಿಯ ತಾಯಿಯ ಜಾಗದಲ್ಲಿ ಇದ್ದಿದ್ದು ಒಬ್ಬ ದೇವಿಯ ಹೆಸರು, ನದಿಯದಲ್ಲ. ಎರಡು ಹೆಸರು ಅಂದ್ರೆ ಇಬ್ಬರು ಹೆಂಗಸರು. ಅಡುಗೆಮನೆ ಕಥೆಗೆ ಪುರಾವೆ ಸಿಕ್ಕಂತಾಯ್ತು. ನಾನೂ ಅದನ್ನ ನಂಬಿದ್ದೆ.

ಮುತ್ತಜ್ಜಿಯ ತವರೂರಿನ ಕಡೆ ಹಳೇ ದಸ್ತಾವೇಜು ಹುಡುಕಿದಾಗ, ಎರಡೂ ಹೆಸರಲ್ಲಿ ಏನೂ ಸಿಗಲಿಲ್ಲ. ಆಗ ದಸ್ತಾವೇಜು ಬರೆಯೋ ಒಬ್ಬ ಹಿರಿಯರು ಹೇಳಿದ ಮಾತು ನಂಗೆ ತುಂಬಾ ಉಪಯೋಗಕ್ಕೆ ಬಂತು: "ಹೆಣ್ಮಗಳ ಹೆಸರು ಹಿಡದು ಹುಡುಕಬ್ಯಾಡ. ಹೊಲ ಹಿಡದು ಹುಡುಕು." 1908ರ ನೋಂದಣಿ ಕಾಯ್ದೆ ಪ್ರಕಾರ ಪತ್ರಗಳಿಗೆ ಒಂದು ಸೂಚಿ ಜನರ ಹೆಸರಿನ ಮೇಲೆ ಇರುತ್ತೆ, ಇನ್ನೊಂದು ಆಸ್ತಿಯ ಮೇಲೆ. ಹಳೇ ಉತಾರದಿಂದ ಸರ್ವೆ ನಂಬರ್ ತಗೊಂಡು ಎರಡನೇ ಸೂಚಿಗೆ ಹೋದೆ. ಸಿಕ್ತು. 1927ರ ಒಂದು ಅಡವು ಪತ್ರ.

ಇಂಥ ಕಾಗದ ಓದೋಕೆ ಮೂರ್ನಾಲ್ಕು ಪದ ಗೊತ್ತಿದ್ರೆ ಸಾಕು. "ಬಿನ್" ಅಂದ್ರೆ ಇಂಥವರ ಮಗ, ಅರಬ್ಬಿಯಿಂದ ಬಂದದ್ದು. "ಕೋಂ" ಅಂದ್ರೆ ಇಂಥವರ ಹೆಂಡತಿ. "ಅಜ್ಞಾನ" ಅಂದ್ರೆ ದಡ್ಡ ಅಲ್ಲ, ಮೈನರ್. ಇನ್ನೊಂದು ಪದ "ಉರ್ಫ್".

ಪತ್ರ ಬರೆಸಿಕೊಟ್ಟವಳ ಹೆಸರು ಓದಿದಾಗ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ದೇವಿಯ ಹೆಸರು, ಆಮೇಲೆ ಉರ್ಫ್, ಆಮೇಲೆ ನದಿಯ ಹೆಸರು, ಕೋಂ ಇಂಥವರು. ಇಬ್ಬರಲ್ಲ, ಒಬ್ಬಳೇ!

ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆ ದಿನ ಮದುಮಗಳಿಗೆ ಹೊಸ ಹೆಸರಿಡ್ತಿದ್ರು. ತಟ್ಟೇಲಿ ಅಕ್ಕಿ ಹರಡಿ, ಉಂಗುರದಿಂದ ಗಂಡ ಆ ಹೆಸರನ್ನ ಬರೀತಾನೆ. ಕೊಡ ಬಂದಿದ್ದು ತವರಿನಿಂದ, ಅದರ ಮೇಲೆ ತವರಿನ ಹೆಸರು. ತರ್ಪಣದ ಪುಸ್ತಕದಲ್ಲಿ ಗಂಡನ ಮನೆಯ ಹೆಸರು. ನಡುವಿನ ಆ ಅಕ್ಕಿಯ ತಟ್ಟೆಯನ್ನ ಎಲ್ಲರೂ ಮರೆತಿದ್ರು. ಇಷ್ಟು ಸುಲಭದ್ದು ನಂಗೂ ಹೊಳೆದಿರಲಿಲ್ಲ ಅನ್ನೋದಕ್ಕೆ ನಾಚಿಕೆಯಾಯ್ತು.

ಹೆಸರುಗಳನ್ನ ಯಾಕೆ ಹೇಳ್ತಿಲ್ಲ ಅಂದ್ರೆ, ಅದೇ ಹೊಲದ ಮೇಲೆ ನೆಂಟರಲ್ಲಿ ಇವತ್ತೂ ಕೇಸು ನಡೀತಿದೆ. ಹಾಗಂತ ಅಜ್ಜಿಗೆ ಮಾತು ಕೊಟ್ಟಿದೀನಿ.

ಪತ್ರದ ಒಳಗಿನದು ಇನ್ನೂ ಮುಖ್ಯ. 1927ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ವಿಧವೆಗೆ ಗಂಡನ ಪಾಲಿನ ಮೇಲೆ ಹಕ್ಕಿರಲಿಲ್ಲ, ಜೀವನಾಂಶ ಮಾತ್ರ. ಮೈಸೂರು ಸಂಸ್ಥಾನದಲ್ಲಿ 1933ರ ಕಾಯ್ದೆ ಬಂತು, ಬ್ರಿಟಿಷ್ ಇಂಡಿಯಾದಲ್ಲಿ 1937ರದ್ದು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಅಂದ್ರೆ ಈಕೆ ಸಹಿ ಮಾಡಿರೋದು ತನ್ನ ಹಕ್ಕಿನಿಂದಲ್ಲ, ಅಜ್ಞಾನ ಮಗನ ಪಾಲಕಳಾಗಿ. ಹಾಗೆ ಪಾಲಕರು ಮಕ್ಕಳ ಆಸ್ತಿಯನ್ನ ಅಡ ಇಡಬೇಕಾದ್ರೆ ಕುಟುಂಬಕ್ಕೆ ನಿಜವಾದ ಜರೂರತ್ತು ಇರಬೇಕು, 1856ರಲ್ಲೇ ಪ್ರಿವಿ ಕೌನ್ಸಿಲ್ ಹಾಗೆ ಹೇಳಿತ್ತು. ಅದಕ್ಕೇ ಇಂಥ ಪತ್ರಗಳಲ್ಲಿ ಕಾರಣ ಬರೆಸ್ತಿದ್ರು. ಇಲ್ಲಿ ಬರೆಸಿರೋ ಕಾರಣ: ಮಗಳ ಮದುವೆ.

ಆ ಮಗಳೇ ನನ್ನ ಮುತ್ತಜ್ಜಿ. ಆಗ ಅವಳಿಗೆ 12 ವರ್ಷ. ಶಾರದಾ ಕಾಯ್ದೆ ಬಂದಿದ್ದು ಎರಡು ವರ್ಷ ಆದ್ಮೇಲೆ.

ಓಡಿಹೋದಳು ಅಂದವರು ಯಾರು, ಯಾಕೆ? ಹೊಲ ಅಡ ಇಟ್ಟ ವಿಧವೆಯನ್ನ ಮೈದುನರು ಕ್ಷಮಿಸಲಿಲ್ಲ, ಅಲ್ಲಿಂದ ಮಾತು ಹುಟ್ಟಿ ಬೀಗರ ಮನೆಗೂ ಹಬ್ಬಿತು ಅಂತ ನನ್ನ ಊಹೆ. ಗಂಡ ಸತ್ತು, ಮಗಳ ಮದುವೆ ಮಾಡೋವರೆಗೂ ಆಕೆ ಅದೇ ಊರಲ್ಲಿದ್ದಳು ಅನ್ನೋದು ಮಾತ್ರ ಊಹೆಯಲ್ಲ, ಕಾಗದದಲ್ಲಿದೆ. ನಂಗೆ ಸಿಕ್ಕಿದ್ದು ರಿಜಿಸ್ಟರಿನ ನಕಲು. ಆದ್ದರಿಂದ ಹೆಬ್ಬೆಟ್ಟು ಕಾಣಲ್ಲ, "ಎಡಗೈ ಹೆಬ್ಬೆರಳಿನ ಗುರುತು" ಅನ್ನೋ ಅಕ್ಷರ ಮಾತ್ರ, ಗುಮಾಸ್ತರ ಕೈಬರಹದಲ್ಲಿ.

ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ಅಜ್ಜಿಗೆ ಓದಿ ಹೇಳಿದೆ. ಉರ್ಫ್ ಬಂದಾಗ ಕೈ ಎತ್ತಿ ನಿಲ್ಲಿಸಿ, "ಇನ್ನೊಮ್ಮೆ ಓದು" ಅಂದಳು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಎಷ್ಟಕ್ಕ ಅಡಾ ಇಟ್ಟಿದ್ಲು?"

"ಎರಡೂನೂರಾ ಐವತ್ತು ರೂಪಾಯಿ."

"ಬಿಡಿಸ್ಕೊಂಡ್ಲೇನು?"

ಅದಕ್ಕೆ ಇನ್ನೊಂದು ಪತ್ರ ಇರಬೇಕು, 1927ರ ನಂತರದ ಸೂಚಿ ನೋಡಬೇಕು. ಸೋಮವಾರ ಮತ್ತೆ ಹೋಗ್ತಿದೀನಿ. ಕೊಡಕ್ಕೆ ಅಜ್ಜಿ ಹುಣಸೆಹಣ್ಣು ಹಚ್ಚಿಟ್ಟಿದ್ದಾಳೆ.