ಶಾಫ್ಟಿನ ಆಟ: ಕಾರವಾರ, ಅಂಕೋಲಾ ಕಡೆಯ ಹಳೆಯ ಮರಗೆಲಸ ಯಂತ್ರಗಳಲ್ಲಿ

ತಿರುಗುವ ಶಾಫ್ಟು ತನ್ನ ಬೇರಿಂಗಿನಲ್ಲಿ ಅಡ್ಡಕ್ಕೋ ಉದ್ದಕ್ಕೋ ಇರಬೇಕಾದ್ದಕ್ಕಿಂತ ಹೆಚ್ಚು ಅಲುಗಿದರೆ ಅದಕ್ಕೆ ಆಟ ಅಥವಾ ಪ್ಲೇ ಎನ್ನುತ್ತಾರೆ. ಬ್ಯಾಂಡ್ ಸಾ, ಸರ್ಕ್ಯುಲರ್ ಸಾ, ಪ್ಲೇನರ್, ಮರದ ಲೇತ್ ಹೀಗೆ ಬೆಲ್ಟಿನಿಂದ ತಿರುಗುವ ಯಾವ ಯಂತ್ರದಲ್ಲೂ ಇದು ಬರಬಹುದು. ಉತ್ತರ ಕನ್ನಡದ ಕಾಡಿನ ಮತ್ತಿ, ಜಂಬೆ, ಕಿಂದಳ ಗಟ್ಟಿ ಜಾತಿಯ ಮರಗಳು. ಸಾಗುವಾನಿಯಲ್ಲಿ ಗೊತ್ತಾಗದ ಆಟ ಇವುಗಳಲ್ಲಿ ಬಯಲಾಗುತ್ತದೆ. ಅರಣ್ಯ ಸಂರಕ್ಷಣೆಯ ಟಿ.ಎನ್. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ಕೊಟ್ಟ ಆದೇಶದಿಂದ ಹೊಸ ಸಾಮಿಲ್ಲಿನ ಪರವಾನಗಿ ಕಷ್ಟವಾಯಿತು. ಹಾಗಾಗಿ ಇದ್ದ ಯಂತ್ರವನ್ನು ರಿಪೇರಿ ಮಾಡಿ ನಡೆಸುವ ಕೆಲಸಕ್ಕೆ ಬೆಲೆಯಿದೆ.

ಅಲುಗಾಟ ಕಂಡ ಕೂಡಲೇ ಬೇರಿಂಗ್ ತರಲು ಓಡುವುದು ಸಾಮಾನ್ಯ ತಪ್ಪು. ಆಟಕ್ಕೆ ಜಾಗಗಳು ಹಲವು: ಬೇರಿಂಗಿನೊಳಗೆ ಗುಂಡು ಮತ್ತು ರಿಂಗುಗಳ ನಡುವೆ, ಒಳರಿಂಗು ಮತ್ತು ಶಾಫ್ಟಿನ ನಡುವೆ, ಹೊರರಿಂಗು ಮತ್ತು ಹೌಸಿಂಗಿನ ನಡುವೆ, ಹೌಸಿಂಗು ಮತ್ತು ಚೌಕಟ್ಟಿನ ನಡುವೆ. ಪುಲ್ಲಿಯ ಕೀ ಸವೆದಿದ್ದರೂ ಕೈಗೆ ಶಾಫ್ಟೇ ಅಲುಗಿದಂತೆ ಅನಿಸುತ್ತದೆ.

ಪರೀಕ್ಷೆಗೆ ಮುಂಚೆ ಫ್ಯೂಸ್ ತೆಗೆದು, ಬೆಲ್ಟ್ ಕಳಚಬೇಕು. ಬಿಗಿದ ಬೆಲ್ಟು ಶಾಫ್ಟನ್ನು ಒಂದೇ ಬದಿಗೆ ಎಳೆದು ಹಿಡಿದಿರುವುದರಿಂದ ಎಂಥ ಆಟವೂ ಅಡಗಿಬಿಡುತ್ತದೆ. ಆಮೇಲೆ ಡಯಲ್ ಗೇಜಿನ ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಮೊದಲು ಬೇರಿಂಗ್ ಹೌಸಿಂಗಿನ ಮೇಲೆ ಕೂರಿಸಿ, ಗೇಜಿನ ತುದಿಯನ್ನು ಶಾಫ್ಟಿಗೆ ತಾಗಿಸಿ, ಮರದ ತುಂಡಿನಿಂದ ಶಾಫ್ಟನ್ನು ಮೆಲ್ಲಗೆ ಎತ್ತಿ ನೋಡಬೇಕು. ಅದೇ ಅಳತೆಯನ್ನು ಸ್ಟ್ಯಾಂಡ್ ಚೌಕಟ್ಟಿಗೆ ಕೂರಿಸಿ ಮತ್ತೆ ತೆಗೆಯಬೇಕು. ಎರಡನೆಯದು ಹೆಚ್ಚು ಬಂದರೆ ಆ ಹೆಚ್ಚಳ ಬೇರಿಂಗಿನದಲ್ಲ, ಹೌಸಿಂಗಿನ ಬೋಲ್ಟಿನದು. ಇಷ್ಟು ಸುಲಭದ ಹೋಲಿಕೆಯನ್ನು ಎಷ್ಟೋ ಜನ ಮಾಡುವುದೇ ಇಲ್ಲ.

ಹೊಸ ಬೇರಿಂಗಿಗೂ ತನ್ನದೇ ಸ್ವಲ್ಪ ಸಡಿಲ ಇರುತ್ತದೆ. 25 ಮಿ.ಮೀ. ಶಾಫ್ಟಿಗೆ ಹಾಕುವ 6205ರಲ್ಲಿ, ಕೂರಿಸುವ ಮುಂಚೆ, ಅದು 0.005ರಿಂದ 0.020 ಮಿ.ಮೀ.; ಸಿ3 ಗುರುತಿನದರಲ್ಲಿ 0.013ರಿಂದ 0.028. ಗೇಜು 0.1 ತೋರಿಸಿತೆಂದರೆ ಆಟವಿರುವುದರಲ್ಲಿ ಅನುಮಾನವೇ ಬೇಡ. ಬ್ಯಾಂಡ್ ಸಾ ಚಕ್ರದಲ್ಲಿ ಗೇಜಿಲ್ಲದೆಯೂ ಗೊತ್ತಾಗುತ್ತದೆ: ಬೇರಿಂಗುಗಳ ಅಂತರ 150 ಮಿ.ಮೀ. ಇದ್ದು 900 ಮಿ.ಮೀ. ವ್ಯಾಸದ ಚಕ್ರವಾದರೆ 0.05ರ ಆಟ ಅಂಚಿನಲ್ಲಿ ಸುಮಾರು 0.15 ಆಗಿ ಕಾಣುತ್ತದೆ. ತೀರಾ ಹಳೆಯ ಯಂತ್ರಗಳ ಬಿಳಿಲೋಹದ ಬೇರಿಂಗಿನಲ್ಲಿ ಕ್ಯಾಪಿನಡಿಯ ತೆಳು ಶಿಮ್ಮು ತೆಗೆದು ಸಡಿಲವನ್ನು ಇಳಿಸಬಹುದು, ಆದರೆ ಎಣ್ಣೆಗೆ ಜಾಗ ಉಳಿಯಲೇಬೇಕು.

ಪ್ಲೇನರ್ ಹೊಡೆದ ಹಲಗೆಯೂ ಸಾಕ್ಷಿ ಹೇಳುತ್ತದೆ. ಗೆರೆಗಳು ಸಮ ಅಂತರದಲ್ಲಿದ್ದರೆ ಬ್ಲೇಡಿನ ಎತ್ತರವನ್ನೋ ಶಾಫ್ಟಿನ ಬಾಗನ್ನೋ ನೋಡಬೇಕು. ಗಂಟು ಬಂದಲ್ಲಿ ಮಾತ್ರ ಅಡ್ಡಾದಿಡ್ಡಿ ಗೆರೆ ಎದ್ದರೆ ಆಟವನ್ನು ಶಂಕಿಸಬಹುದು.

ಕರಾವಳಿಯಲ್ಲಿ ತುಕ್ಕು ದಾರಿ ತಪ್ಪಿಸುತ್ತದೆ. ಉಪ್ಪುಗಾಳಿ, ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಆಗ ವಾರಗಟ್ಟಲೆ ನಿಂತ ಯಂತ್ರದ ಗ್ರೀಸಿಗೆ ನೀರು ಸೇರಿದರೆ ಗುಂಡುಗಳು ಕೂತ ಕಡೆಯಲ್ಲೇ, ಒಂದೊಂದು ಗುಂಡಿಗೆ ಒಂದರಂತೆ, ತುಕ್ಕಿನ ಕಲೆ ಬೀಳುತ್ತದೆ. ಮತ್ತೆ ಚಾಲು ಮಾಡಿದಾಗ ಗರಗರ ಆವಾಜು ಬರುತ್ತದೆ, ಆಟ ಮಾತ್ರ ಇರುವುದಿಲ್ಲ. ಅಂಥ ಬೇರಿಂಗನ್ನೂ ಬದಲಿಸಬೇಕು, ಶಾಫ್ಟು ಮುಟ್ಟಬೇಕಾಗಿಲ್ಲ. ಆದರೆ ಬೇರಿಂಗ್ ಕಳಚಿದಾಗ ಶಾಫ್ಟಿನ ಸೀಟಿನ, ಅಂದರೆ ಬೇರಿಂಗ್ ಕೂರುವ ಜಾಗದ ಮೇಲೆ ಕಾವಿ ಬಣ್ಣದ ನುಣ್ಣನೆಯ ಪುಡಿ ಕಂಡರೆ ಅದು ಮಳೆಯ ತುಕ್ಕಲ್ಲ; ಒಳರಿಂಗು ಶಾಫ್ಟಿನ ಮೇಲೆ ಜಾರಿ ಉಜ್ಜಿದ ಗುರುತು. ಮರದ ಚೌಕಟ್ಟಿನ ಯಂತ್ರಗಳಿಗೆ ಇನ್ನೊಂದು ತೊಂದರೆ: ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಯಲ್ಲಿ ಕುಗ್ಗಿ ಬೋಲ್ಟುಗಳು ಸಡಿಲಾಗುತ್ತವೆ.

ಸವೆದ ಸೀಟಿಗೆ ಸುತ್ತಲೂ ಸೆಂಟರ್ ಪಂಚ್ ಹೊಡೆದು ಬೇರಿಂಗನ್ನು ಬಿಗಿ ಮಾಡುವವರಿದ್ದಾರೆ. ಆ ಚುಕ್ಕೆಗಳ ತಲೆ ಬೇಗನೆ ಸವೆದು ಆಟ ಮತ್ತೆ ಬರುತ್ತದೆ. ಲೇತಿನಲ್ಲಿ ಸೀಟು ಸವರಿ ಸ್ಲೀವ್ ಹಾಕಿಸುವುದು, ಇಲ್ಲವೇ ಹೊಸ ಶಾಫ್ಟು ಮಾಡಿಸುವುದು ಸರಿಯಾದ ದಾರಿ. ಒಳರಿಂಗನ್ನು ಗ್ರಬ್ ಸ್ಕ್ರೂವಿನಿಂದ ಶಾಫ್ಟಿಗೆ ಬಿಗಿಯುವ ಯುಸಿಪಿ ಬೇರಿಂಗುಗಳಾದರೆ ಇದಕ್ಕೆಲ್ಲ ಮುಂಚೆ ಆ ಸ್ಕ್ರೂ ಬಿಗಿದು ನೋಡಬೇಕು.