ಬಿಚ್ಚದ ಹಾಯಿ

ಪಿರಿಯಾಪಟ್ಟಣದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದಾಗ, 1980ರ ಸುಮಾರಿಗೆ, ‘ಬೆಳಕಿಗೆ ತೂಕವಿಲ್ಲ, ಆದುದರಿಂದ ಅದು ಯಾವುದನ್ನೂ ತಳ್ಳಲಾರದು’ ಎಂದು ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ಅಂದು ಬರೆದುಕೊಂಡ ಶಿಷ್ಯರಲ್ಲಿ ಕೆಲವರು ಈಗ ಅಜ್ಜ ಅಜ್ಜಿಯರಾಗಿರಬಹುದು. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿರಿ.

ಅದು ತಪ್ಪೆಂದು ಲೋಕಕ್ಕೆ ಆಗಲೇ ತಿಳಿದಿತ್ತು. 1960ರ ಆಗಸ್ಟ್ 12ರಂದು ಅಮೆರಿಕವು ‘ಎಕೋ 1’ ಎಂಬ ಬೆಲೂನನ್ನು ಕಕ್ಷೆಗೇರಿಸಿತು. ಅಲ್ಯೂಮಿನಿಯಂ ಲೇಪಿಸಿದ ಮೈಲಾರ್ ಹಾಳೆ. ದಪ್ಪ ಕೇವಲ 0.0127 ಮಿ.ಮೀ. ಮಡಿಚಿ ಒಯ್ದ ಆ ಹಾಳೆಯೊಳಗೆ ಇರಿಸಿದ್ದ ಪುಡಿಯು ಮೇಲೆ ಅನಿಲವಾಗಿ ಹರಡಿ, 30 ಮೀಟರ್ ವ್ಯಾಸದ ಗೋಳವನ್ನು ಉಬ್ಬಿಸಿತು. ರೇಡಿಯೊ ಸಂಕೇತಗಳನ್ನು ಪ್ರತಿಫಲಿಸುವುದು ಅದರ ಕೆಲಸ. ಬಿಸಿಲನ್ನೂ ಪ್ರತಿಫಲಿಸುತ್ತಿದ್ದುದರಿಂದ ಬರಿಗಣ್ಣಿಗೆ ಚಲಿಸುವ ನಕ್ಷತ್ರದಂತೆ ಕಾಣುತ್ತಿತ್ತು. ಗಾತ್ರ ಅಪಾರ, ತೂಕ ಅತ್ಯಲ್ಪ. ಹೀಗಾಗಿ ಬಿಸಿಲಿನ ಒತ್ತಡವು ಅದರ ಕಕ್ಷೆಯನ್ನೇ ಬದಲಿಸುತ್ತ ಹೋಯಿತು.

ನನ್ನ ಕಣ್ಣು ತೆರೆಸಿದ ಘಟನೆ ಮಾತ್ರ ನಮ್ಮ ನೆರೆಯದು. ಕೃಷ್ಣರಾಜನಗರದಿಂದ ಹೊಳೆನರಸೀಪುರದ ದಾರಿ ಹಿಡಿದರೆ ಸಿಗುವ ಹಾಸನದಲ್ಲಿ 1982ರಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ಅದೇ ವರ್ಷ ಏಪ್ರಿಲ್ 10ರಂದು, ಅಮೆರಿಕದಲ್ಲಿ ನಿರ್ಮಿಸಿದ ಇನ್ಸಾಟ್-1ಎ ಮೇಲೇರಿತು. ಅದರ ಸೌರಫಲಕಗಳೆಲ್ಲ ಒಂದೇ ಪಾರ್ಶ್ವದಲ್ಲಿದ್ದವು. ಮೋಡಗಳ ಚಿತ್ರ ತೆಗೆಯುವ ಉಪಕರಣವನ್ನು ತಂಪಾಗಿಡಲು ಅದರ ಶಾಖವನ್ನು ಶೀತಲ ಬಾಹ್ಯಾಕಾಶಕ್ಕೆ ಚೆಲ್ಲಬೇಕು. ಅದಕ್ಕಾಗಿ ಎದುರು ಪಾರ್ಶ್ವವನ್ನು ಫಲಕಗಳಿಲ್ಲದೆ ಬಿಡಬೇಕಾಗಿತ್ತು. ಆದರೆ ಬಿಸಿಲು ಫಲಕಗಳಿರುವ ಪಾರ್ಶ್ವವನ್ನೇ ಹೆಚ್ಚಾಗಿ ತಳ್ಳಿ ಉಪಗ್ರಹವನ್ನು ತಿರುಗಿಸುತ್ತದೆ. ಇದನ್ನು ಸರಿದೂಗಿಸಲು, ತಕ್ಕಡಿಯ ಇನ್ನೊಂದು ತಟ್ಟೆಯಂತೆ, ಎದುರಿಗೆ ನೀಳವಾದ ದಂಡದ ತುದಿಯಲ್ಲಿ ಹಗುರವಾದ ಸೌರಹಾಯಿಯನ್ನು ಇಟ್ಟಿದ್ದರು.

ಹಾಯಿ ಬಿಚ್ಚಿಕೊಳ್ಳಲಿಲ್ಲ.

ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬಿಸಿಲು ಹಾಕುವ ಒತ್ತಡ ಒಂದು ಮಿಲಿಗ್ರಾಮಿನ ಭಾರಕ್ಕಿಂತಲೂ ಕಡಿಮೆ. (ನಮ್ಮ ಪ್ರಯೋಗಾಲಯದ ತಕ್ಕಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.) ಆದರೆ ಆ ಒತ್ತಡಕ್ಕೆ ಬಿಡುವೆಂಬುದಿಲ್ಲ. ಉಪಗ್ರಹವನ್ನು ನೇರವಾಗಿ ನಿಲ್ಲಿಸಲು ಇಂಧನ ಸುಡುತ್ತಲೇ ಇರಬೇಕಾಯಿತು. ಬೇರೆ ತೊಂದರೆಗಳೂ ಇದ್ದವು. ಹಲವು ವರ್ಷ ಬಾಳಬೇಕಾಗಿದ್ದ ಇನ್ಸಾಟ್-1ಎ ಸೆಪ್ಟೆಂಬರ್ ತಿಂಗಳಲ್ಲಿ ಇಂಧನ ತೀರಿ ಕೈಬಿಟ್ಟುಹೋಯಿತು.

ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ ನನ್ನ ಹಳೆಯ ಪಾಠ ನೆನಪಾಗಿ ಮುಖ ಸಣ್ಣದಾಯಿತು. ಮರುದಿನವೇ ತರಗತಿಯಲ್ಲಿ ತಿದ್ದಿ ಹೇಳಿದೆ. ಆದರೆ ಹಿಂದಿನ ತಂಡಗಳು ಅಷ್ಟರಲ್ಲಿ ಶಾಲೆ ಬಿಟ್ಟಿದ್ದವು.

ಬೆಂಗಳೂರಿನಲ್ಲಿ ನಮ್ಮವರೇ ನಿರ್ಮಿಸಿದ ಇನ್ಸಾಟ್-2ಎ 1992ರ ಜುಲೈ 10ರಂದು ಹಾರಿತು. ಅದಕ್ಕೂ ಒಂದು ಹಾಯಿ ಇತ್ತು, ಶಂಕುವಿನ ಆಕಾರದ್ದು. ಅದು ಬಿಚ್ಚಿಕೊಂಡಿತು.