ಮಾಡ್ಯುಲರ್ ಮನೆ

ಕಾರ್ಖಾನೆಯಲ್ಲಿ ಕೋಣೆ ಗಾತ್ರದ ಪೆಟ್ಟಿಗೆಗಳಾಗಿ ತಯಾರಾಗಿ, ಲಾರಿಯಲ್ಲಿ ನಿವೇಶನಕ್ಕೆ ಬಂದು, ಪಾಯದ ಮೇಲೆ ಕ್ರೇನಿನಿಂದ ಜೋಡಣೆಗೊಳ್ಳುವ ಮನೆ. ಪೆಟ್ಟಿಗೆಗೆ ಮಾಡ್ಯೂಲ್ ಎಂದು ಹೆಸರು. ಗೋಡೆ, ನೆಲ, ಚಾವಣಿಯ ಜೊತೆಗೆ ಕಿಟಕಿ, ವೈರಿಂಗ್, ನೀರಿನ ಪೈಪು, ಎಷ್ಟೋ ಸಲ ಬಚ್ಚಲಿನ ಟೈಲ್ಸ್ ಕೂಡ ಕಾರ್ಖಾನೆಯಲ್ಲೇ ಕೂತಿರುತ್ತವೆ. ಅಮೆರಿಕದಲ್ಲಿ ಉಕ್ಕಿನ ಚಾಸಿಯ ಮೇಲೆ ಕಟ್ಟುವ 'ಮ್ಯಾನುಫ್ಯಾಕ್ಚರ್ಡ್' ಮನೆಗಳಿಗೆ 1976ರಿಂದ ಕೇಂದ್ರ ಸರ್ಕಾರದ ಪ್ರತ್ಯೇಕ ನಿಯಮಾವಳಿ ಇದೆ. ಮಾಡ್ಯುಲರ್ ಮನೆ ಹಾಗಲ್ಲ, ತಾನು ಕೂರುವ ಊರಿನ ಕಟ್ಟಡ ನಿಯಮಕ್ಕೇ ಒಳಪಡಬೇಕು. ಎರಡನ್ನೂ ಒಂದೇ ಎಂದು ತಿಳಿದು ಮೂಗು ಮುರಿಯುವವರು ಅಲ್ಲಿ ಈಗಲೂ ಇದ್ದಾರೆ.

ಈ ಪದ್ಧತಿ ಚೆನ್ನಾಗಿ ಬೇರೂರಿದ್ದು ಜಪಾನಿನಲ್ಲಿ. ಸೆಕಿಸುಯಿ ಕೆಮಿಕಲ್ ಕಂಪನಿ 1971ರಲ್ಲಿ ಮಾರುಕಟ್ಟೆಗೆ ತಂದ 'ಸೆಕಿಸುಯಿ ಹೈಮ್ ಎಂ1' ಮನೆಯನ್ನು ರೂಪಿಸಿದವರು ವಾಸ್ತುಶಿಲ್ಪಿ ಕಾತ್ಸುಹಿಕೊ ಓನೊ. ಉಕ್ಕಿನ ಚೌಕಟ್ಟಿನ ಪೆಟ್ಟಿಗೆಗಳು ಅಲ್ಲಿ ಕಾರುಗಳ ಹಾಗೆ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತ ಮನೆಯಾಗುತ್ತವೆ. ಪೆಟ್ಟಿಗೆಯ ಅಗಲ ಎಷ್ಟಿರಬೇಕೆಂಬುದು ರಸ್ತೆಯ ಲೆಕ್ಕ: ಲಾರಿ 2.5 ಮೀಟರ್ ಮೀರುವಂತಿಲ್ಲ. ಪಾಯ ಸಿದ್ಧವಿದ್ದರೆ ಬೆಳಿಗ್ಗೆ ಲಾರಿಗಳು ಸಾಲಾಗಿ ಬರುತ್ತವೆ. ಕ್ರೇನು ಒಂದೊಂದೇ ಪೆಟ್ಟಿಗೆಯನ್ನು ಇಳಿಸುತ್ತದೆ, ಮೂಲೆಗಳಿಗೆ ಬೋಲ್ಟ್ ಬಿಗಿಯುತ್ತಾರೆ. ಸಾಧಾರಣ ಎರಡಂತಸ್ತಿನ ಮನೆಯಾದರೆ ಸಂಜೆಯೊಳಗೆ ಮೇಲೆ ಚಾವಣಿ ಕೂತಿರುತ್ತದೆ. ಒಳಗಿನ ಉಳಿದ ಕೆಲಸ ಇನ್ನೂ ಕೆಲವು ವಾರ ನಡೆಯುತ್ತದೆ.

ನಿವೇಶನದಲ್ಲೇ ಕಟ್ಟುವಾಗ ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗದು. ಪಾಯ, ಗೋಡೆ, ಸೆಂಟ್ರಿಂಗ್, ಕ್ಯೂರಿಂಗ್, ಗಾರೆ. ಗಾರೆ ಮುಗಿಯುವ ಮುಂಚೆ ವೈರಿಂಗಿನವನು ಬಂದು ಗೋಡೆ ಕೊರೆಯುತ್ತಾನೆ. ಅವನು ಬಾರದಿದ್ದರೆ ಎಲ್ಲರೂ ಕಾಯಬೇಕು. ಕಾರ್ಖಾನೆ ಪದ್ಧತಿಯಲ್ಲಿ ಇತ್ತ ಪಾಯ ಏಳುವಾಗಲೇ ಅತ್ತ ಕೋಣೆಗಳು ತಯಾರಾಗುತ್ತಿರುತ್ತವೆ. ಮಳೆಗಾಲದ ರಜೆಯಿಲ್ಲ, ಮರ ಮತ್ತು ಜಿಪ್ಸಮ್ ಹಲಗೆ ನೆನೆಯುವುದಿಲ್ಲ. ಒಂದು ಮನೆಗೆ ಕತ್ತರಿಸಿ ಉಳಿದ ತುಂಡು ಮುಂದಿನ ಮನೆಗೆ ಬರುತ್ತದೆ. ಸಾರುವೆ ಹತ್ತಬೇಕಿಲ್ಲದ ಕಾರಣ ಬಿದ್ದು ಪೆಟ್ಟಾಗುವ ಭಯ ಕಡಿಮೆ. ಕ್ರೇನಿನ ಎತ್ತಾಟ, ಲಾರಿಯ ಕುಲುಕಾಟ ತಾಳಬೇಕಾದ್ದರಿಂದ ಪ್ರತಿ ಪೆಟ್ಟಿಗೆಯೂ ತನ್ನಷ್ಟಕ್ಕೇ ಗಟ್ಟಿಯಾಗಿರಬೇಕು. ಭೂಕಂಪದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಮೆಕಿನ್ಸಿ ಸಂಸ್ಥೆಯ 2019ರ ವರದಿಯ ಪ್ರಕಾರ ಈ ಪದ್ಧತಿಯಿಂದ ಕಾಲಾವಧಿ ಶೇ. 20ರಿಂದ 50ರಷ್ಟು ತಗ್ಗಬಲ್ಲದು, ಖರ್ಚು ಶೇ. 20ರವರೆಗೆ ಇಳಿಯಬಲ್ಲದು. ಮೊದಲನೆಯದನ್ನು ನಂಬಬಹುದು. ಎರಡನೆಯದಕ್ಕೆ ಷರತ್ತಿದೆ. ಮೇಸ್ತ್ರಿಗೆ ಕೆಲಸವಿಲ್ಲದಾಗ ಕೂಲಿಯ ಖರ್ಚೂ ಇಲ್ಲ, ಆದರೆ ಕಾರ್ಖಾನೆಗೆ ಗಿರಾಕಿ ಬಾರದ ತಿಂಗಳಲ್ಲೂ ಸಂಬಳ, ಬಾಡಿಗೆ, ಬಡ್ಡಿ ತಪ್ಪಿದ್ದಲ್ಲ. ಮಾಂಟ್ರಿಯಲ್‌ನಲ್ಲಿ ಮೋಶೆ ಸಫ್ದಿ 354 ಕಾಂಕ್ರೀಟ್ ಪೆಟ್ಟಿಗೆಗಳಿಂದ ಕಟ್ಟಿಸಿದ 'ಹ್ಯಾಬಿಟಾಟ್ 67' ಜಗತ್ಪ್ರಸಿದ್ಧವಾಯಿತು, ಅಗ್ಗವಾಗಲಿಲ್ಲ. 2015ರಲ್ಲಿ ಆರಂಭವಾಗಿ ಭಾರಿ ಬಂಡವಾಳ ಸೆಳೆದ ಅಮೆರಿಕದ ಕಟೆರಾ ಕಂಪನಿ 2021ರಲ್ಲಿ ದಿವಾಳಿಯಾಯಿತು. ಹಾಗಾಗಿ ಮಾಡ್ಯುಲರ್ ಮನೆಯ ನಿಜವಾದ ಲಾಭ ಬೆಲೆಯಲ್ಲಿಲ್ಲ. ಹೇಳಿದ ದಿನಕ್ಕೆ, ಹೇಳಿದ ಗುಣಮಟ್ಟದಲ್ಲಿ ಮನೆ ಕೈಗೆ ಬರುವುದರಲ್ಲಿದೆ. ಇದಕ್ಕೆ ಪ್ರತಿಯಾಗಿ ಮಾಲೀಕ ತನ್ನ ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಅರ್ಧ ಕಟ್ಟಿದ ಮೇಲೆ ಕಿಟಕಿಯನ್ನು ಒಂದಡಿ ಆಚೆ ಸರಿಸು ಎನ್ನುವ ಸುಖ ಇಲ್ಲಿಲ್ಲ.

ಭಾರತದ ಮೊದಲ ದೊಡ್ಡ ಪ್ರಯತ್ನಕ್ಕೆ ಕರ್ನಾಟಕದ ನಂಟಿದೆ. ಜರ್ಮನಿಯ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅಲ್ಲಿನ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಸ್ವಾತಂತ್ರ್ಯದ ಬಳಿಕ ಕೇಂದ್ರದ ವಸತಿ ನಿರ್ದೇಶಕರಾಗಿ, ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರ ತುರ್ತಿಗೆಂದು ದೆಹಲಿಯಲ್ಲಿ ಸರ್ಕಾರಿ ಮನೆ ಕಾರ್ಖಾನೆ ಹೂಡಿದರು. ಅದು ಪೆಟ್ಟಿಗೆಗಳದ್ದಲ್ಲ, ಹಗುರ ಕಾಂಕ್ರೀಟಿನ ಗೋಡೆ ಹಲಗೆಗಳದ್ದು. ಹಲಗೆಗಳು ಬಿರುಕು ಬಿಟ್ಟವು, ಸಂಸತ್ತಿನಲ್ಲಿ ಗದ್ದಲವಾಯಿತು, ಅವರು ಹುದ್ದೆ ಬಿಟ್ಟರು. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾದ ಆ ಕಾರ್ಖಾನೆ ಮುಂದೆ ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್ ಮಾಡಿತು. ಬೆಂಗಳೂರಿನ ಇಂದಿರಾ ಕ್ಯಾಂಟೀನುಗಳು 2017ರಲ್ಲಿ ಬೇಗ ಎದ್ದು ನಿಂತದ್ದು ಕೃಷ್ಣಗಿರಿಯ ಕಾರ್ಖಾನೆಯಿಂದ ಬಂದ ಪ್ರೀಕಾಸ್ಟ್ ಭಾಗಗಳಿಂದ. ಆ ಕಾರ್ಖಾನೆ ಮರುವರ್ಷ ಇದೇ ಕಟೆರಾದ ಪಾಲಾಯಿತು. ಪೂರ್ತಿ ಪೆಟ್ಟಿಗೆ ಪದ್ಧತಿಗೆ ಉದಾಹರಣೆ ರಾಂಚಿಯ 1,008 ಮನೆಗಳ ಲೈಟ್ ಹೌಸ್ ಯೋಜನೆ. ಇದರ ಶಂಕುಸ್ಥಾಪನೆ 2021ರ ಜನವರಿ 1ರಂದು ನಡೆಯಿತು.

ಸ್ವಂತ ನಿವೇಶನದಲ್ಲಿ ಒಂದೇ ಮನೆ ಕಟ್ಟಿಸುವವರಿಗೆ ಇಲ್ಲಿ ಎದುರಾಗುವ ತೊಡಕು ಹಣದ್ದು. ಪಾಯ ಮುಗಿಯಿತೇ, ಲಿಂಟಲ್ ಬಂತೇ, ಮೋಲ್ಡ್ ಆಯಿತೇ ಎಂದು ನೋಡಿ ಬ್ಯಾಂಕು ಗೃಹಸಾಲದ ಕಂತು ಬಿಡುತ್ತದೆ. ಕಾರ್ಖಾನೆಗೆ ಹಣ ಬೇಕಾಗುವುದು ನಿವೇಶನದಲ್ಲಿ ಪಾಯದ ಹೊರತು ಬೇರೇನೂ ಕಾಣದಿರುವ ದಿನಗಳಲ್ಲಿ.